ಹೊಸದಾಗಿ ವಾರ್ಡ್ ಇನ್‌ಚಾರ್ಜ್ ಆದ ಸಿಸ್ಟರ್‌ಗೆ: ರಾತ್ರಿ 3 ಗಂಟೆಗೂ ಸರಿಯಾಗಿ ನಡೆಯುವ ವಾರ್ಡ್

ನಿನ್ನೆಯವರೆಗೆ ನಿಮ್ಮ ಕೈಯಲ್ಲಿ ಆರೋ ಎಂಟೋ ರೋಗಿಗಳಿದ್ದರು. ಇವತ್ತು 30 ಹಾಸಿಗೆ, 12 ಜನ ನರ್ಸ್‌ಗಳು, ಆಯಾ, ವಾರ್ಡ್ ಬಾಯ್, ಒಂದು ಗೊಂಚಲು ಬೀಗದ ಕೈ. ಆರ್ಡರ್ ಕಾಪಿ ಕೊಟ್ಟವರು ‘ಕಂಗ್ರಾಟ್ಸ್ ಸಿಸ್ಟರ್’ ಅಂದರು. ಇನ್ನು ಮುಂದೆ ಏನು ಮಾಡಬೇಕು ಅಂತ ಯಾರೂ ಕೂರಿಸಿಕೊಂಡು ಹೇಳಲಿಲ್ಲ, ಅಲ್ವಾ? ನನಗೂ ಯಾರೂ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಈ ಹುದ್ದೆಗೆ ನರ್ಸ್ ಮ್ಯಾನೇಜರ್ ಅಂತಾರೆ. ಬೇರೆ ಕಡೆ ಇನ್‌ಚಾರ್ಜ್ ಸಿಸ್ಟರ್. ಹೆಸರು ಏನೇ ಇರಲಿ, ಕೆಲಸ ಒಂದೇ. ರಾತ್ರಿ 3 ಗಂಟೆಗೆ ವಾರ್ಡಿನಲ್ಲಿ ಇಬ್ಬರೇ ನರ್ಸ್ ಇರುತ್ತಾರೆ. ಒಬ್ಬಳು ಕೋರ್ಸ್ ಮುಗಿಸಿ ಆರು ತಿಂಗಳೂ ಆಗಿರುವುದಿಲ್ಲ. ಅಷ್ಟು ಹೊತ್ತಿನಲ್ಲಿ 14ನೇ ಬೆಡ್‌ನ ಅಜ್ಜನಿಗೆ ಏದುಸಿರು ಬಂದರೆ ಅವಳ ಕೈಗೆ ಸಾಮಾನು ಸಿಗುತ್ತದಾ? ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಾ? ಮಾಡುವ ಧೈರ್ಯ ಇದೆಯಾ? ನೀವು ಆಗ ಮನೆಯಲ್ಲಿ ಮಲಗಿರುತ್ತೀರಿ. ಆದರೂ ಈ ಮೂರೂ ಪ್ರಶ್ನೆಗೆ ಉತ್ತರ ನೀವು ಹಗಲು ಮಾಡಿಟ್ಟ ಕೆಲಸದಲ್ಲಿದೆ. ಮುಂದೆ ಹೇಳುವುದನ್ನೆಲ್ಲ ಈ ಹುಡುಗಿಯನ್ನು ಕಣ್ಣ ಮುಂದೆ ಇಟ್ಟುಕೊಂಡೇ ಓದಿ.

1. ಮೊದಲ ವಾರ ಸುಮ್ನೆ ನೋಡಿ

ಬಂದ ದಿನವೇ ಟೇಬಲ್ ತಿರುಗಿಸುವುದು, ಹೊಸ ರಿಜಿಸ್ಟರ್ ತೆರೆಯುವುದು ಬೇಡ. ಒಂದು ಸಣ್ಣ ನೋಟ್‌ಬುಕ್ ಯೂನಿಫಾರ್ಮ್ ಜೇಬಿನಲ್ಲಿ ಇಟ್ಟುಕೊಳ್ಳಿ. ಯಾವ ಶಿಫ್ಟ್‌ನಲ್ಲಿ ಗಡಿಬಿಡಿ ಜಾಸ್ತಿ, ಯಾವ ಸಾಮಾನು ಹುಡುಕುವುದಕ್ಕೆ ನರ್ಸ್‌ಗಳು ಓಡಾಡುತ್ತಾರೆ, ಯಾವ ಹೊತ್ತಿಗೆ ಫೋನ್ ಯಾರೂ ಎತ್ತುವುದಿಲ್ಲ, ಬರೆದುಕೊಳ್ಳಿ. ಆ ವಾರದಲ್ಲಿ ಒಂದು ಇಡೀ ರಾತ್ರಿ ವಾರ್ಡಿನಲ್ಲೇ ಇರಿ. ಹಗಲು ವಾರ್ಡ್ ಬಾಯ್ ಐದು ನಿಮಿಷದಲ್ಲಿ ತರುವ ಆಕ್ಸಿಜನ್ ಸಿಲಿಂಡರ್ ರಾತ್ರಿ ಬರುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ಕಣ್ಣಾರೆ ನೋಡಿದರೆ ಮಾತ್ರ ಗೊತ್ತಾಗುತ್ತದೆ.

2. ಬೆಳಗಿನ ಓವರ್ ಹಾಸಿಗೆ ಪಕ್ಕದಲ್ಲೇ ಆಗಲಿ

ನೈಟ್ ಡ್ಯೂಟಿಯವರು ಬೆಳಗಿನವರಿಗೆ ಓವರ್ ಕೊಡುವುದು, ಅಂದರೆ ರೋಗಿಗಳ ಸ್ಥಿತಿ ತಿಳಿಸಿ ಜವಾಬ್ದಾರಿ ಒಪ್ಪಿಸುವುದು, ಬಹಳ ಕಡೆ ನರ್ಸಿಂಗ್ ಸ್ಟೇಷನ್‌ನಲ್ಲೇ ಮುಗಿದುಹೋಗುತ್ತದೆ. ‘ಒಂದು ಸ್ಟೇಬಲ್, ಎರಡು ಸ್ಟೇಬಲ್, ಮೂರು ಫೀವರ್ ಇತ್ತು.’ ಇದನ್ನು ನಿಲ್ಲಿಸಿ. 8 ಗಂಟೆ ಶಿಫ್ಟ್‌ಗೆ 7.40ಕ್ಕೇ ಬನ್ನಿ. ಎರಡೂ ಶಿಫ್ಟ್‌ನವರನ್ನು ಕರೆದುಕೊಂಡು ಒಂದೊಂದು ಹಾಸಿಗೆ ಹತ್ತಿರ ಹೋಗಿ.

ಡ್ರಿಪ್ ಎಷ್ಟು ಉಳಿದಿದೆ, ಕ್ಯಾನ್ಯುಲಾ (ಡ್ರಿಪ್‌ಗೆ ರಕ್ತನಾಳಕ್ಕೆ ಹಾಕುವ ನಳಿಕೆ) ಹಾಕಿದ ಜಾಗ ಊದಿದೆಯಾ, ಯೂರಿನ್ ಬ್ಯಾಗ್ ನೆಲಕ್ಕೆ ತಾಗುತ್ತಿದೆಯಾ, ಆಕ್ಸಿಜನ್ ಎಷ್ಟು ಲೀಟರ್‌ನಲ್ಲಿದೆ, ಬೆನ್ನಿನ ಚರ್ಮ ಕೆಂಪಾಗಿದೆಯಾ, ಇವು ಕಣ್ಣಿಗೆ ಬೀಳಬೇಕು. ಹಾಸಿಗೆ ಬಿಟ್ಟು ಏಳಲಾಗದ ರೋಗಿಯನ್ನು ಓವರ್ ಹೊತ್ತಿನಲ್ಲೇ ಒಂದು ಮಗ್ಗುಲು ತಿರುಗಿಸಿ ಬೆನ್ನು ನೋಡಿಬಿಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿದ್ದೇವೆ ಅಂತ ಚಾರ್ಟ್ ಹೇಳುತ್ತದೆ. ನಿಜವಾಗಿ ಆಗಿದೆಯಾ ಇಲ್ಲವಾ ಅನ್ನುವುದನ್ನು ಬೆನ್ನು ಹೇಳುತ್ತದೆ.

ಹೆಸರು ಕೇಳುವ ರೀತಿಯನ್ನೂ ತಿದ್ದಿ. ‘ನೀವು ಲಕ್ಷ್ಮಮ್ಮ ಅಲ್ವಾ?’ ಅಂತ ಕೇಳಿದರೆ ಕಿವಿ ಮಂದ ಇರುವ ಅಜ್ಜಿ ಹೂಂ ಅನ್ನುತ್ತಾರೆ. ‘ನಿಮ್ಮ ಹೆಸರೇನಮ್ಮ?’ ಅಂತ ಕೇಳಬೇಕು. ಅವರ ಬಾಯಿಂದಲೇ ಹೆಸರು ಬರಬೇಕು, ಅದು ಕೈಪಟ್ಟಿಯ ಹೆಸರು ಮತ್ತು ನಂಬರ್ ಜೊತೆ ತಾಳೆಯಾಗಬೇಕು. ನಮ್ಮ ಊರುಗಳಲ್ಲಿ ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ, ಇಬ್ಬರು ಮಂಜುನಾಥ್ ಇರುವುದು ದಿನನಿತ್ಯದ ಮಾತು. ಹಾಗಿದ್ದರೆ ಇಬ್ಬರ ಕೇಸ್ ಶೀಟ್ ಮೇಲೂ ‘ಇದೇ ಹೆಸರಿನ ಇನ್ನೊಬ್ಬರಿದ್ದಾರೆ’ ಅಂತ ಚೀಟಿ ಅಂಟಿಸಿ. ಸಾಧ್ಯವಾದರೆ ಇಬ್ಬರನ್ನೂ ದೂರ ದೂರದ ಹಾಸಿಗೆಗೆ ಹಾಕಿ.

3. ಕೆಲಸ ಹಂಚಬೇಡಿ, ರೋಗಿಗಳನ್ನು ಹಂಚಿ

ಹಳೇ ಪದ್ಧತಿ ನಿಮಗೆ ಗೊತ್ತು. ಒಬ್ಬಳು ಎಲ್ಲರಿಗೂ ಇಂಜೆಕ್ಷನ್, ಇನ್ನೊಬ್ಬಳು ಎಲ್ಲರ ಬಿಪಿ, ಮತ್ತೊಬ್ಬಳು ಫೈಲ್. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ 9ನೇ ಬೆಡ್‌ನ ರೋಗಿ ನಿನ್ನೆಗಿಂತ ಇವತ್ತು ಮಂಕಾಗಿದ್ದಾನೆ ಅಂತ ಯಾರಿಗೂ ತಿಳಿಯುವುದಿಲ್ಲ. ಒಬ್ಬೊಬ್ಬರಿಗೆ ಇಂತಿಷ್ಟು ರೋಗಿಗಳು ಅಂತ ಹಂಚಿ. ಅವರ ಔಷಧಿ, ಚಾರ್ಟ್, ಊಟ, ಮನೆಯವರ ಪ್ರಶ್ನೆ ಎಲ್ಲಾ ಆ ನರ್ಸ್‌ದೇ. ಬರೀ ತಲೆ ಎಣಿಸಿ ಹಂಚಿದರೂ ಆಗುವುದಿಲ್ಲ. ಆಕ್ಸಿಜನ್ ಮೇಲಿರುವ ಮೂವರು ಒಬ್ಬಳಿಗೇ ಬಿದ್ದರೆ ಅವಳಿಗೆ ಉಳಿದವರನ್ನು ನೋಡುವುದಕ್ಕೇ ಆಗುವುದಿಲ್ಲ.

ಕೇರಳದಿಂದಲೋ ಈಶಾನ್ಯ ರಾಜ್ಯಗಳಿಂದಲೋ ಬಂದು ಕನ್ನಡ ಕಲಿಯುತ್ತಿರುವ ಹುಡುಗಿಯರು ನಿಮ್ಮಲ್ಲಿದ್ದರೆ ಒಂದು ಹಾಳೆಯಲ್ಲಿ ಇಪ್ಪತ್ತು ಮಾತು ಬರೆದು ಗೋಡೆಗೆ ಅಂಟಿಸಿ. ಏದುಸಿರು, ತಲೆಸುತ್ತು, ಎದೆ ಹಿಡಿದಂಗೆ, ಕಣ್ಣು ಕತ್ತಲೆ, ಮೈ ಜುಂ ಅಂತಿದೆ, ಕೈಕಾಲು ಜೋಮು. ಹುಬ್ಬಳ್ಳಿ ಕಡೆಯವರು ‘ಚಕ್ಕರ್ ಬರಾಕತ್ತೈತಿ’ ಅಂದಾಗ ಅದು ತಲೆಸುತ್ತು ಅಂತ ಅವಳಿಗೆ ಅರ್ಥವಾಗಬೇಕು. ಇದಕ್ಕೆ ಖರ್ಚು ಒಂದು ಹಾಳೆ ಅಷ್ಟೇ.

4. ಉಸಿರು ಎಣಿಸುವುದನ್ನು ಕಲಿಸಿ

ಈ ಒಂದು ಹೆಜ್ಜೆ ಬಿಡಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ಯಾವುದಾದರೂ ವಾರ್ಡಿನ ಚಾರ್ಟ್ ತೆಗೆದು ನೋಡಿ. ಟೆಂಪರೇಚರ್ ಬದಲಾಗಿರುತ್ತದೆ, ಪಲ್ಸ್ ಬದಲಾಗಿರುತ್ತದೆ. ಉಸಿರಾಟದ ಕಾಲಂನಲ್ಲಿ ಮಾತ್ರ 20, 20, 20. ಮಲಗಿದ ಹುಡುಗನಿಗೂ 20, ನ್ಯುಮೋನಿಯಾ ಅಜ್ಜಿಗೂ 20. ಯಾರೂ ಎಣಿಸಿಲ್ಲ, ಹಿಂದಿನವರು ಬರೆದದ್ದನ್ನು ಮುಂದಿನವರು ಇಳಿಸಿದ್ದಾರೆ. ಬಿಪಿಗೆ ಮೆಷಿನ್ ಇದೆ, ರಕ್ತದ ಆಕ್ಸಿಜನ್ ಮಟ್ಟಕ್ಕೆ (ಸ್ಯಾಚುರೇಶನ್) ಬೆರಳಿಗೆ ಹಾಕುವ ಕ್ಲಿಪ್ ಇದೆ. ಉಸಿರಿಗೆ ಮಾತ್ರ ಒಂದು ನಿಮಿಷ ನಿಂತು ನೋಡಬೇಕು. ಆ ಒಂದು ನಿಮಿಷ ಯಾರಿಗೂ ಸಿಗುವುದಿಲ್ಲ.

ಆದರೆ ರೋಗಿ ಕೆಡುವಾಗ ಬಹಳ ಸಲ ಮೊದಲು ಬದಲಾಗುವುದು ಉಸಿರೇ. ಬಿಪಿ ಬೀಳುವುದು ಆಮೇಲೆ. ಬಿಪಿ ಬಿದ್ದ ಮೇಲೆ ಓಡುವುದಕ್ಕೂ, ಉಸಿರು 26 ಆದಾಗಲೇ ಡಾಕ್ಟರ್‌ನ ಕರೆಯುವುದಕ್ಕೂ ನಡುವೆ ಕೆಲವು ಗಂಟೆಗಳೇ ಇರಬಹುದು. ಆ ಗಂಟೆಗಳಲ್ಲಿ ಜೀವ ಉಳಿಸಬಹುದು.

ಕಲಿಸುವುದು ಹೀಗೆ. ಹೊಸ ನರ್ಸ್ ಜೊತೆ ನೀವೇ ನಿಲ್ಲಿ. ಅವಳು ರೋಗಿಯ ಪಲ್ಸ್ ಹಿಡಿದ ಹಾಗೆ ಮಣಿಕಟ್ಟು ಹಿಡಿದುಕೊಂಡು ಎದೆ ನೋಡಲಿ. ಉಸಿರು ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ರೋಗಿ ಉಸಿರಾಡುವ ರೀತಿಯೇ ಬದಲಾಗುತ್ತದೆ. ಪೂರ್ತಿ 60 ಸೆಕೆಂಡ್ ಆಗಲಿ. ನೀವೂ ಎಣಿಸಿ. ಇಬ್ಬರ ಲೆಕ್ಕ ತಾಳೆ ನೋಡಿ. ನಾಲ್ಕು ದಿನ ಹೀಗೆ ಮಾಡಿದರೆ ಚಾರ್ಟಿನಲ್ಲಿ 17, 22, 19 ಅಂತ ನಿಜವಾದ ಅಂಕಿ ಬರುವುದಕ್ಕೆ ಶುರುವಾಗುತ್ತದೆ. 25 ಮುಟ್ಟಿದರೆ ಕಾಯದೆ ಡ್ಯೂಟಿ ಡಾಕ್ಟರ್‌ಗೆ ಫೋನ್, ಇದು ವಾರ್ಡಿನ ನಿಯಮ ಅಂತ ಮಾಡಿ.

ಫೋನಿನಲ್ಲಿ ಹೇಳುವ ಮಾತನ್ನೂ ಬರೆದು ಅಂಟಿಸಿ. ‘ಸರ್, ಮೆಡಿಕಲ್ ವಾರ್ಡಿನಿಂದ. 14ನೇ ಬೆಡ್, 70 ವರ್ಷ, ನ್ಯುಮೋನಿಯಾ. ಸಂಜೆ ಉಸಿರು 20 ಇತ್ತು, ಈಗ 28. ಸ್ಯಾಚುರೇಶನ್ 89. ಆಕ್ಸಿಜನ್ ಶುರು ಮಾಡಿದ್ದೇನೆ. ನೀವು ಬಂದು ನೋಡಬೇಕು.’ ಕೊನೇ ವಾಕ್ಯ ಬಹಳ ಮುಖ್ಯ. ‘ಪೇಷಂಟ್ ಯಾಕೋ ಸರಿ ಇಲ್ಲ ಸರ್’ ಅಂತ ನಿಲ್ಲಿಸಿದರೆ ಆ ಕಡೆಯಿಂದ ‘ನೋಡ್ತಾ ಇರಿ’ ಅಂತಷ್ಟೇ ಬರುತ್ತದೆ.

5. ಕ್ರ್ಯಾಶ್ ಕಾರ್ಟ್, ಆಕ್ಸಿಜನ್, ಬೀಗದ ಔಷಧಿ

ಕ್ರ್ಯಾಶ್ ಕಾರ್ಟ್ (ತುರ್ತು ಔಷಧಿ, ಸಾಮಾನು ಇಡುವ ಗಾಡಿ) ದಿನಕ್ಕೊಮ್ಮೆ ನೋಡಬೇಕು, ಬಳಸಿದ ತಕ್ಷಣ ಮತ್ತೆ ತುಂಬಬೇಕು. ಅಡ್ರಿನಲಿನ್, ಅಟ್ರೋಪಿನ್, ಅಮಿಯೊಡರೋನ್, ಕ್ಯಾಲ್ಸಿಯಂ ಗ್ಲುಕೋನೇಟ್, 25% ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಇದ್ದರೆ ಸಾಲದು. ಲ್ಯಾರಿಂಜೋಸ್ಕೋಪ್ (ಗಂಟಲೊಳಗೆ ನೋಡುವ ದೀಪದ ಉಪಕರಣ) ತೆಗೆದು ಬ್ಲೇಡ್ ಜೋಡಿಸಿ ಬಲ್ಬ್ ಉರಿಯುತ್ತದಾ ನೋಡಿ. ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಒತ್ತಿ ನೋಡಿ, ಮಾಸ್ಕ್ ಅದಕ್ಕೆ ಕೂರುತ್ತದಾ ನೋಡಿ. ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಚಾರ್ಜ್‌ನಲ್ಲಿದೆಯಾ ನೋಡಿ. ಮೂರು ತಿಂಗಳೊಳಗೆ ಎಕ್ಸ್‌ಪೈರಿ ಆಗುವುದನ್ನು ಫಾರ್ಮಸಿಗೆ ಕೊಟ್ಟು ಹೊಸದು ತನ್ನಿ. ಕಾರ್ಟ್‌ಗೆ ಬೀಗ ಹಾಕಿ ಕೀ ನಿಮ್ಮ ಬ್ಯಾಗಿನಲ್ಲಿ ಒಯ್ಯಬೇಡಿ. ಎಳೆದರೆ ಕಿತ್ತು ಬರುವ ಪ್ಲಾಸ್ಟಿಕ್ ಸೀಲ್ ಹಾಕಿ, ಸೀಲ್ ನಂಬರ್ ಬರೆದಿಡಿ.

ಸಿಲಿಂಡರ್ ಲೆಕ್ಕ ಎಲ್ಲರಿಗೂ ಬಾಯಿಪಾಠ ಬರಬೇಕು. ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರ್ ಹೋದರೆ 150 ನಿಮಿಷ, ಅಂದರೆ ಎರಡೂವರೆ ಗಂಟೆ. ಗೇಜ್ ಅರ್ಧದಲ್ಲಿದ್ದರೆ ಒಂದೂಕಾಲು ಗಂಟೆ. ಸ್ಕ್ಯಾನಿಂಗ್‌ಗೆ ರೋಗಿಯನ್ನು ಕಳಿಸುವಾಗ ಈ ಲೆಕ್ಕ ಹಾಕದೆ ಕಳಿಸಬಾರದು.

ಮಾರ್ಫಿನ್, ಫೆಂಟನಿಲ್ ತೀವ್ರ ನೋವಿಗೆ ಕೊಡುವ, 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ ಕೆಳಗೆ ಬರುವ ಔಷಧಿಗಳು. ಎರಡು ಬೀಗ, ಎರಡು ಕೀ. ಪ್ರತಿ ಶಿಫ್ಟ್‌ನಲ್ಲಿ ಇಬ್ಬರು ಸೇರಿ ಎಣಿಸಿ ಸಹಿ. ಖಾಲಿ ಆಂಪೂಲ್ (ಔಷಧಿಯ ಸಣ್ಣ ಸೀಸೆ) ಕೂಡ ಲೆಕ್ಕಕ್ಕೆ. ‘ಆಮೇಲೆ ಬರೀತೀನಿ’ ಅನ್ನುವುದಕ್ಕೆ ಇಲ್ಲಿ ಜಾಗವೇ ಇಲ್ಲ.

ಪೊಟ್ಯಾಶಿಯಂ ಕ್ಲೋರೈಡ್ ಆಂಪೂಲ್ ಬೇರೆ ಡಬ್ಬದಲ್ಲಿರಲಿ, ಮೇಲೆ ಕೆಂಪು ಚೀಟಿ ಇರಲಿ. 10 ಮಿ.ಲೀ. ಆಂಪೂಲ್ ನೋಡುವುದಕ್ಕೆ ಡಿಸ್ಟಿಲ್ಡ್ ವಾಟರ್ ತರಹವೇ ಇರುತ್ತದೆ. ಅದನ್ನು ಡೈಲ್ಯೂಟ್ ಮಾಡದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಂತುಹೋಗಬಹುದು. ರಾತ್ರಿ ಮಂದ ಬೆಳಕಿನಲ್ಲಿ ಎರಡೂ ಅಕ್ಕಪಕ್ಕ ಇದ್ದರೆ ಅದು ಆ ಹುಡುಗಿಯ ತಪ್ಪಲ್ಲ, ಅಲ್ಲಿಟ್ಟ ನಮ್ಮ ತಪ್ಪು.

6. ತಪ್ಪಾದಾಗ ಏನು ಮಾಡುತ್ತೀರಿ

ನಾನು ಇನ್‌ಚಾರ್ಜ್ ಆಗಿದ್ದ ಒಂದು ವಾರ್ಡಿನಲ್ಲಿ ನಡೆದದ್ದು ಹೇಳುತ್ತೇನೆ. ರಾತ್ರಿ ಊಟಕ್ಕೆ ಮುಂಚೆ ಒಬ್ಬರಿಗೆ 10 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿ ಎರಡು ಬಗೆ. ಮಿಲಿಲೀಟರ್‌ಗೆ 40 ಯೂನಿಟ್‌ನದು ಒಂದು, 100 ಯೂನಿಟ್‌ನದು ಇನ್ನೊಂದು. 40ರ ಸಿರಿಂಜ್‌ಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಆ ದಿನ ಫಾರ್ಮಸಿಯಿಂದ 100ರ ಬಾಟಲಿ ಬಂದಿತ್ತು. ಡ್ರಾಯರ್‌ನಲ್ಲಿ ಕೆಂಪು ಮುಚ್ಚಳದ ಸಿರಿಂಜ್ ಇತ್ತು. ನರ್ಸ್ ಸರಿಯಾಗಿಯೇ 10ರ ಗೆರೆಗೆ ಎಳೆದಳು. ಗೆರೆ ಹೇಳಿದ್ದು 10, ಒಳಗೆ ಹೋದದ್ದು 25. ಎರಡೂವರೆ ಪಟ್ಟು.

ಮುಚ್ಚಳ ಕಸಕ್ಕೆ ಹಾಕುವಾಗ ಬಾಟಲಿಯ ಲೇಬಲ್ ಅವಳ ಕಣ್ಣಿಗೆ ಬಿತ್ತು. ಯಾರಿಗೂ ಗೊತ್ತಾಗಿರಲಿಲ್ಲ. ಸುಮ್ಮನಿದ್ದರೂ ನಡೆಯುತ್ತಿತ್ತು. ಅವಳು ಸುಮ್ಮನಿರಲಿಲ್ಲ. ಮೊದಲು ಡ್ಯೂಟಿ ಡಾಕ್ಟರ್‌ಗೆ, ಆಮೇಲೆ ನನಗೆ ಫೋನ್ ಮಾಡಿದಳು. ದನಿ ನಡುಗುತ್ತಿತ್ತು. ತಕ್ಷಣ ಶುಗರ್ ನೋಡಿದರು, ಊಟ ಮಾಡಿಸಿದರು, ಡೆಕ್ಸ್‌ಟ್ರೋಸ್ ಹತ್ತಿರ ಇಟ್ಟುಕೊಂಡು ರಾತ್ರಿಯೆಲ್ಲ ಪದೇ ಪದೇ ಶುಗರ್ ನೋಡಿದರು. ಒಂದು ಸಲ ಇಳಿಯಿತು, ಡೆಕ್ಸ್‌ಟ್ರೋಸ್ ಕೊಟ್ಟರು. ಬೆಳಗ್ಗೆ ರೋಗಿ ಎದ್ದು ಕಾಫಿ ಕೇಳಿದರು.

ಅವಳು ಮುಚ್ಚಿಟ್ಟಿದ್ದರೆ? ರಾತ್ರಿ ನಿದ್ದೆಯಲ್ಲೇ ಶುಗರ್ ಬಿದ್ದಿರುತ್ತಿತ್ತು. ‘ಚೆನ್ನಾಗಿ ಮಲಗಿದ್ದಾರೆ’ ಅಂತ ಎಲ್ಲರೂ ಅಂದುಕೊಂಡಿರುತ್ತಿದ್ದರು.

ಹಾಗಾಗಿ ನಿಮಗೆ ಫೋನ್ ಬಂದಾಗ ಕ್ರಮ ಹೀಗಿರಲಿ. ಮೊದಲು ರೋಗಿ, ಆಮೇಲೆ ಉಳಿದದ್ದು. ಡಾಕ್ಟರ್‌ಗೆ ತಿಳಿಸಿದ್ದಾಳಾ ಕೇಳಿ. ನಡೆದದ್ದನ್ನು ನಡೆದ ಹಾಗೇ ಕೇಸ್ ಶೀಟ್‌ನಲ್ಲಿ ಹೊತ್ತಿನ ಸಮೇತ ಬರೆಸಿ, ತಿದ್ದಿ ಬರೆಯುವುದು ಬೇಡ. ಡಾಕ್ಟರ್ ಜೊತೆ ಸೇರಿ ಮನೆಯವರಿಗೆ ನಿಜ ಹೇಳಿ. ಇನ್ಸಿಡೆಂಟ್ ಫಾರ್ಮ್ ತುಂಬಿ. ಮರುದಿನ ಆ ನರ್ಸ್‌ನ ಬಾಗಿಲು ಹಾಕಿದ ರೂಮಿನಲ್ಲಿ ಕೂರಿಸಿ ಮಾತಾಡಿ. ಮೊದಲ ಮಾತು ‘ಹೇಳಿದ್ದು ಒಳ್ಳೇದು ಮಾಡಿದೆ’ ಅಂತಲೇ ಇರಲಿ. ಎಲ್ಲರ ಮುಂದೆ ಬೈದರೆ ಅವಳೊಬ್ಬಳೇ ಅಲ್ಲ, ನೋಡುತ್ತಾ ನಿಂತ ಹನ್ನೊಂದು ಜನವೂ ಮುಂದಿನ ಸಲ ಬಾಯಿ ಬಿಡುವುದಿಲ್ಲ. ನಾನು ಜೂನಿಯರ್ ಆಗಿದ್ದಾಗ ಹಾಗೆ ಬೈಸಿಕೊಂಡಿದ್ದೇನೆ. ಆಮೇಲೆ ಎಷ್ಟೋ ತಿಂಗಳು ಸಣ್ಣ ಅನುಮಾನ ಬಂದರೂ ಕೇಳುವುದಕ್ಕೆ ಹೆದರುತ್ತಿದ್ದೆ.

ಕೊನೆಗೆ, ತಪ್ಪಿಗೆ ಕಾರಣವಾದದ್ದನ್ನೇ ತೆಗೆದುಹಾಕಿ. ನಾವು ಮಾಡಿದ್ದು ಇಷ್ಟೇ: ವಾರ್ಡಿನಲ್ಲಿ ಒಂದೇ ಶಕ್ತಿಯ ಇನ್ಸುಲಿನ್ ಬಾಟಲಿ ಮಾತ್ರ ಇರಬೇಕು ಅಂತ ಫಾರ್ಮಸಿಗೆ ಬರೆದುಕೊಟ್ಟೆವು. ಬಾಟಲಿ ಮತ್ತು ಅದಕ್ಕೆ ಹೊಂದುವ ಸಿರಿಂಜ್ ಒಂದೇ ಟ್ರೇನಲ್ಲಿ ಇಟ್ಟೆವು. ಕೊಡುವ ಮುಂಚೆ ಇನ್ನೊಬ್ಬರಿಗೆ ತೋರಿಸುವ ರೂಢಿ ಮಾಡಿದೆವು.

7. ಡ್ಯೂಟಿ ಲಿಸ್ಟ್

ಲಿಸ್ಟ್ ಹಾಕುವ ಮುಂಚೆ ಎಷ್ಟು ಜನ ಬೇಕು ಅಂತ ಲೆಕ್ಕ ಹಾಕಿ. ಬೆಳಗಿನ 6 ತಾಸಿನ ಶಿಫ್ಟ್‌ಗೆ 3, ಮಧ್ಯಾಹ್ನದ 6 ತಾಸಿನ ಶಿಫ್ಟ್‌ಗೆ 3, ರಾತ್ರಿಯ 12 ತಾಸಿನ ಶಿಫ್ಟ್‌ಗೆ 2 ಜನ ಅಂದುಕೊಳ್ಳಿ. ದಿನಕ್ಕೆ 18, 18, 24, ಒಟ್ಟು 60 ಗಂಟೆ. ವಾರಕ್ಕೆ 420. ಒಬ್ಬರಿಗೆ ವಾರಕ್ಕೆ 48 ಗಂಟೆ ಅಂದರೂ 9 ಜನ. ರಜೆ, ಕಾಯಿಲೆಗೆ ಅಂತ ಶೇ. 30 ಸೇರಿಸಿದರೆ 12 ಜನ. ಇದು ಹೇಗೋ ದೂಡುವ ಲೆಕ್ಕ ಅಷ್ಟೇ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡವನ್ನೂ ಪಕ್ಕದಲ್ಲಿಟ್ಟುಕೊಳ್ಳಿ: ಬೋಧನಾ ಆಸ್ಪತ್ರೆಯಲ್ಲಿ 3 ಹಾಸಿಗೆಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ 5 ಹಾಸಿಗೆಗೆ ಒಬ್ಬರು, ಅದರ ಮೇಲೆ ರಜೆಗೆ ಶೇ. 30. ಜನ ಕಡಿಮೆ ಇದ್ದರೆ ಬಾಯಲ್ಲಿ ಗೊಣಗಬೇಡಿ. ‘ಇಂಥ ದಿನ ರಾತ್ರಿ 30 ರೋಗಿಗೆ ಇಬ್ಬರು, ಅದರಲ್ಲಿ ಆಕ್ಸಿಜನ್ ಮೇಲೆ 6’ ಅಂತ ಅಂಕಿ ಹಾಕಿ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಬರೆದುಕೊಡಿ, ಕಾಪಿ ಇಟ್ಟುಕೊಳ್ಳಿ. ಪ್ರತಿ ತಿಂಗಳೂ ಕೊಡಿ.

ನೈಟ್‌ಗೆ ಇಬ್ಬರು ಹೊಸಬರನ್ನು ಒಟ್ಟಿಗೆ ಹಾಕಬೇಡಿ, ಎಷ್ಟೇ ಕಷ್ಟ ಆದರೂ. ಯುಗಾದಿ, ರಂಜಾನ್, ಓಣಂ, ದಸರಾ, ಕ್ರಿಸ್‌ಮಸ್, ಯಾರು ಯಾವ ಹಬ್ಬಕ್ಕೆ ಡ್ಯೂಟಿ ಮಾಡಿದರು ಅಂತ ನಿಮ್ಮ ನೋಟ್‌ಬುಕ್‌ನಲ್ಲಿ ಬರೆದಿಡಿ. ಮುಂದಿನ ವರ್ಷ ಜಗಳ ಬಂದಾಗ ಆ ಪುಟ ತೆಗೆದರೆ ಸಾಕು.

8. ಬೇಗ ಹೇಳಿ ಮುಗಿಸಬಹುದಾದ ಕೆಲವು

ಡಾಕ್ಟರ್ ರೌಂಡ್ಸ್‌ಗೆ ಜೊತೆಗೆ ನೀವೇ ಹೋಗಿ. ಅರ್ಥವಾಗದ ಅಕ್ಷರವನ್ನು ಅಲ್ಲೇ ಕೇಳಿ. ಫೋನ್ ಆರ್ಡರ್ ಬಂದರೆ ಬರೆದುಕೊಂಡು ತಿರುಗಿ ಓದಿ ಹೇಳಿ, ಆಮೇಲೆ ಡಾಕ್ಟರ್ ಸಹಿ ಹಾಕಿಸುವುದನ್ನು ತಪ್ಪಿಸಬೇಡಿ. ವಯಸ್ಸಾದವರಿಗೆ ಲ್ಯಾಸಿಕ್ಸ್ (ಮೂತ್ರ ಜಾಸ್ತಿ ಮಾಡುವ ಔಷಧಿ) ದಿನಕ್ಕೆ ಎರಡು ಸಲ ಇದ್ದರೆ ಎರಡನೇ ಡೋಸ್ ಸಂಜೆ 4ಕ್ಕೆ ಮಾಡಬಹುದಾ ಅಂತ ಕೇಳಿ. ರಾತ್ರಿ 8ಕ್ಕೆ ಕೊಟ್ಟರೆ ಅವರು ರಾತ್ರಿಯೆಲ್ಲ ಬಾತ್‌ರೂಮಿಗೆ ಏಳುತ್ತಾರೆ, ಒದ್ದೆ ನೆಲದಲ್ಲಿ ಜಾರುತ್ತಾರೆ.

ಕಸ ಹಾಕುವ ಚೀಲ, ಡಬ್ಬದ ಬಣ್ಣ 2016ರ ಆಸ್ಪತ್ರೆ ತ್ಯಾಜ್ಯ ನಿಯಮದಂತೆ: ರಕ್ತ ಹತ್ತಿದ ಹತ್ತಿ, ಡ್ರೆಸ್ಸಿಂಗ್ ಹಳದಿಗೆ, ಐವಿ ಸೆಟ್, ಯೂರಿನ್ ಬ್ಯಾಗ್ ಕೆಂಪಿಗೆ, ಸೂಜಿ ಬಿಳಿ ಗಟ್ಟಿ ಡಬ್ಬಕ್ಕೆ, ಗಾಜು ನೀಲಿಗೆ. ಕೆಂಪು ಚೀಲಕ್ಕೆ ಬಿದ್ದ ಒಂದು ಸೂಜಿ ಚುಚ್ಚುವುದು ನಿಮಗಲ್ಲ, ಚೀಲ ಎತ್ತುವ ಆಯಾಗೆ. ಯಾರಿಗೇ ಚುಚ್ಚಿದರೂ ಹಿಂಡಬಾರದು, ಸೋಪು ನೀರಿನಲ್ಲಿ ತೊಳೆದು ಕೂಡಲೇ ಡಾಕ್ಟರ್ ಹತ್ತಿರ ಕಳಿಸಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಿದ್ದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ತೆಗೆದುಕೊಳ್ಳಬೇಕು. ಆಯಾ ಕೆಲಸ ಹೋಗುತ್ತದೆ ಅಂತ ಹೆದರಿ ಹೇಳದೆ ಇರಬಹುದು. ಮೊದಲೇ ಅವರ ಜೊತೆ ಕೂತು ಇದನ್ನು ಕನ್ನಡದಲ್ಲಿ ಹೇಳಿಬಿಡಿ.

9. ಮನೆಯವರು ಮತ್ತು ಡಿಸ್ಚಾರ್ಜ್

ಜಗಳ ಶುರುವಾಗುವುದು ಬಹಳ ಸಲ ಯಾರೂ ಏನೂ ಹೇಳದೆ ಇರುವುದರಿಂದ. ದಿನಾ ರೌಂಡ್ಸ್ ಆದ ಮೇಲೆ ಒಂದು ಹೊತ್ತು ಗೊತ್ತು ಮಾಡಿ, ಮನೆಯವರ ಜೊತೆ ಮಾತಾಡಿ. ಮನೆಗೊಬ್ಬರು ಮಾತಾಡಲಿ. ಸಾವಿನ ಸುದ್ದಿ, ರೋಗ ಕೆಟ್ಟ ಸುದ್ದಿ ಡಾಕ್ಟರೇ ಹೇಳಲಿ, ನೀವು ಪಕ್ಕದಲ್ಲಿ ನಿಲ್ಲಿ. ಯಾರಾದರೂ ಕೈ ಎತ್ತಿದರೆ ನಿಮ್ಮ ಹುಡುಗಿಯರನ್ನು ಹಿಂದಕ್ಕೆ ಕರೆದು ಸೆಕ್ಯುರಿಟಿ ಕರೆಯಿರಿ. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯುವುದಕ್ಕೆ ಕರ್ನಾಟಕದಲ್ಲಿ 2009ರಿಂದ ಕಾಯ್ದೆಯೇ ಇದೆ, ಅದರಲ್ಲಿ ನರ್ಸ್‌ಗಳೂ ಬರುತ್ತಾರೆ. ದೂರು ಕೊಡುವಾಗ ಹಲ್ಲೆಯಾದ ನರ್ಸನ್ನು ಒಬ್ಬಳೇ ಕಳಿಸಬೇಡಿ.

ಡಿಸ್ಚಾರ್ಜ್ ದಿನ ಔಷಧಿ ಚೀಟಿ ಕೈಗೆ ಕೊಟ್ಟರೆ ಕೆಲಸ ಮುಗಿಯಲಿಲ್ಲ. ಓದಲು ಬಾರದವರಿಗೆ ಮಾತ್ರೆ ಕವರ್ ಮೇಲೆ ಸೂರ್ಯ, ಚಂದ್ರ ಬರೆದುಕೊಡಿ. ಆಮೇಲೆ ‘ಅರ್ಥ ಆಯ್ತಾ?’ ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ಮನೆಗೆ ಹೋಗಿ ಯಾವುದನ್ನ ಯಾವಾಗ ತಗೋತೀರಾ, ನನಗೆ ಒಂದ್ಸಲ ಹೇಳಿ’ ಅನ್ನಿ. ತಪ್ಪು ಎಲ್ಲಿದೆ ಅಂತ ಆಗಲೇ ಗೊತ್ತಾಗುತ್ತದೆ. ಸರ್ಕಾರದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಚಿಕಿತ್ಸೆ ಪಡೆಯುವ ರೋಗಿಯಾದರೆ ರೇಷನ್ ಕಾರ್ಡ್, ಆಧಾರ್ ಅಡ್ಮಿಷನ್ ದಿನವೇ ಕೇಳಿ ಇಟ್ಟುಕೊಳ್ಳಿ. ಕೊನೇ ದಿನ ಹುಡುಕಿದರೆ ಊರಿನ ಬಸ್ ತಪ್ಪುತ್ತದೆ.

10. ಮನೆಗೆ ಹೊರಡುವ ಮುಂಚಿನ ಹದಿನೈದು ನಿಮಿಷ

ರಿಜಿಸ್ಟರ್ ಮುಚ್ಚಿ ಎದ್ದೇಳಿ. ವಾರ್ಡಿನಲ್ಲಿ ಎಲ್ಲರಿಗಿಂತ ಜಾಸ್ತಿ ಕಾಯಿಲೆ ಇರುವ ಮೂವರು ಯಾರು ಅಂತ ಸಂಜೆಯವರನ್ನು ಕೇಳಿ. ಅವರ ಉತ್ತರ ಮತ್ತು ನಿಮ್ಮ ಉತ್ತರ ಒಂದೇ ಇರಬೇಕು. ಇಲ್ಲದಿದ್ದರೆ ಆ ಮೂರು ಹಾಸಿಗೆಗೆ ಇನ್ನೊಮ್ಮೆ ಹೋಗಿ ಬನ್ನಿ. ರಾತ್ರಿಗೆ ಬೇಕಾದ ಔಷಧಿ ಬಂದಿದೆಯಾ, ತುಂಬಿದ ಸಿಲಿಂಡರ್ ಒಂದು ಜಾಸ್ತಿ ಇದೆಯಾ, ಬಾತ್‌ರೂಮ್ ದೀಪ ಉರಿಯುತ್ತಿದೆಯಾ ನೋಡಿ. ಡ್ಯೂಟಿ ಡಾಕ್ಟರ್, ಬ್ಲಡ್ ಬ್ಯಾಂಕ್, ಎಲೆಕ್ಟ್ರಿಷಿಯನ್, ನಿಮ್ಮ ನಂಬರ್, ಎಲ್ಲಾ ದೊಡ್ಡ ಅಕ್ಷರದಲ್ಲಿ ಫೋನಿನ ಪಕ್ಕ ಇರಲಿ.

ನೈಟ್‌ಗೆ ಬರುವ ಆ ಹೊಸ ಹುಡುಗಿಗೆ ಸಂಜೆಯೇ ಒಂದು ಫೋನ್ ಮಾಡಿ ಹೇಳಿ, ಎಷ್ಟು ಹೊತ್ತಾದರೂ ಕರೆ ಮಾಡು ಅಂತ. ನಿಮ್ಮ ಫೋನ್ ಸೈಲೆಂಟ್‌ಗೆ ಹಾಕಬೇಡಿ. 3 ಗಂಟೆಗೆ ಅದು ಹೊಡೆದುಕೊಂಡರೆ ‘ಏನಾಯ್ತು ಈ ಹೊತ್ತಲ್ಲಿ’ ಅನ್ನಬೇಡಿ. ಎದ್ದು ಕೂತು ‘ಹೇಳಮ್ಮ, ಯಾವ ಬೆಡ್?’ ಅನ್ನಿ.